ಡಲ್ಲಾಸಿನ ಎರಡು ಕೆಂಪು ಕುದುರೆಗಳು

ಅಮೆರಿಕದ ಡಲ್ಲಾಸ್ ಪೇಟೆಯಲ್ಲಿ ರೆಕ್ಕೆಯ ಕೆಂಪು ಕುದುರೆಗಳು ಎರಡಿವೆ. ಒಂದು ಮ್ಯಾಗ್ನೋಲಿಯಾ ಕಟ್ಟಡದ ನೆತ್ತಿಯ ಮೇಲೆ, ಇನ್ನೊಂದು ಓಮ್ನಿ ಹೋಟೆಲಿನ ಮುಂದೆ. ಊರಿಂದ ಬಂದವರನ್ನೆಲ್ಲ ಕರೆದೊಯ್ದು ತೋರಿಸುತ್ತೇನೆ. ಎಲ್ಲರೂ ಕೇಳುವುದು ಒಂದೇ: ‘ಇದರಲ್ಲಿ ಅಸಲಿ ಯಾವುದು?’

ಅಸಲಿ ಕೆಳಗೆ ಹೋಟೆಲಿನ ಮುಂದಿರುವುದು. ಮೊಬಿಲ್ ಪೆಟ್ರೋಲ್ ಬಂಕುಗಳ ಮೇಲೆ ಕಾಣುತ್ತಿದ್ದ ಅದೇ ಕುದುರೆಯನ್ನು ಮ್ಯಾಗ್ನೋಲಿಯಾ ಪೆಟ್ರೋಲಿಯಂ ಕಂಪನಿ 1934ರಲ್ಲಿ ತನ್ನ ಕಟ್ಟಡದ ನೆತ್ತಿಗೆ ಏರಿಸಿತು. ನಿಯಾನ್ ಅನಿಲದ ಕೊಳವೆ ದೀಪ ಹೊತ್ತು ತಿರುಗುತ್ತಿತ್ತು. 1974ರಲ್ಲಿ ತಿರುಗುವುದು ನಿಂತಿತು, ಆಮೇಲೆ ದೀಪವೂ ಆರಿತು. ಇಳಿಸಿದಾಗ ಮತ್ತೆ ಮೇಲೇರಿಸುವ ಸ್ಥಿತಿಯಲ್ಲಿರಲಿಲ್ಲ. ಹೊಸದನ್ನೇ ಮಾಡಿಸಿ 2000ದ ಹೊಸವರ್ಷಕ್ಕೆ ಬೆಳಗಿಸಿದರು. ಹಳೆಯದು ಎಷ್ಟೋ ವರ್ಷ ಶೆಡ್ಡಿನಲ್ಲಿದ್ದು, ರಿಪೇರಿಯಾಗಿ 2015ರಲ್ಲಿ ಹೊರಬಂತು.

ಹಳೇ ಬಂಕಿನ ಬೋರ್ಡು ಕೂಡಿಹಾಕುವವರು ಹೊಸದಾಗಿ ಮಾಡಿದ್ದನ್ನು ‘ರೀಪ್ರೊ’ ಅನ್ನುತ್ತಾರೆ. ಆ ಮಾತಿನಲ್ಲಿ ತಾತ್ಸಾರವಿರುತ್ತದೆ. ನಾನು ಒಪ್ಪುವುದಿಲ್ಲ. ನಮ್ಮ ಕಡೆ ವಿಗ್ರಹ ಭಿನ್ನವಾದರೆ ನೀರಿಗೆ ಬಿಟ್ಟು ಹೊಸದನ್ನು ಕೆತ್ತಿಸಿ ಪ್ರತಿಷ್ಠೆ ಮಾಡುತ್ತೇವೆ. ಅದನ್ನು ಯಾರೂ ನಕಲು ಅನ್ನುವುದಿಲ್ಲ. ಹೀಗೆ ಮತ್ತೆ ಮತ್ತೆ ಕೆತ್ತಿಸಿದ್ದರಿಂದಲೇ ಉಳಿ ಹಿಡಿಯುವ ಕೈ ಇವತ್ತಿಗೂ ಇದೆ. ಅಮೆರಿಕದವರು ವಸ್ತುವನ್ನು ಜೋಪಾನ ಮಾಡುತ್ತಾರೆ, ನಾವು ಕಸುಬನ್ನು. ಬೋರ್ಡಿನ ವಿಷಯದಲ್ಲಿ ಮಾತ್ರ ನಾವು ಎರಡನ್ನೂ ಕೈಬಿಟ್ಟೆವು.

ತಿಪಟೂರಿನ ಹತ್ತಿರ ನನ್ನ ಸೋದರಮಾವನ ಕೊಟ್ಟಿಗೆಯಲ್ಲಿ ಬರ್ಮಾ ಶೆಲ್‌ನ ಪಿಂಗಾಣಿ ಬೋರ್ಡೊಂದು ಕಿಂಡಿಗೆ ಅಡ್ಡವಾಗಿತ್ತು. 1976ರಲ್ಲಿ ಕಂಪನಿ ಸರ್ಕಾರದ್ದಾಗಿ, ಮುಂದೆ ಭಾರತ್ ಪೆಟ್ರೋಲಿಯಂ ಆಯಿತಲ್ಲ, ಆಗ ಇಳಿಸಿದ್ದಂತೆ. ಮಳೆ ಬಿಸಿಲಿಗೆ ಅದರ ಹೊಳಪು ಕುಂದಿರಲಿಲ್ಲ. ಕೊನೆಗೆ ಗುಜರಿಗೆ ಹೋಯಿತು. ಕುಂಚ ಹಿಡಿದು ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳ ಅನ್ನವನ್ನು ಫ್ಲೆಕ್ಸ್ ಕಿತ್ತುಕೊಂಡಿತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಪಿಂಗಾಣಿ ಬೋರ್ಡೆಂದರೆ ಬಣ್ಣ ಬಳಿದದ್ದಲ್ಲ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಕರಗಿಸುವುದು. ಒಂದು ಬಣ್ಣ ಆರಿದ ಮೇಲೆ ಅಚ್ಚಿಟ್ಟು ಇನ್ನೊಂದು, ಮತ್ತೆ ಭಟ್ಟಿಗೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಅಕ್ಷರದ ಅಂಚು ತಾಗುತ್ತದೆ. ಸಂತೆಯೊಂದರಲ್ಲಿ ‘1940ರದ್ದು’ ಅಂತ ನನಗೆ ಮಾರಿದ ಬೋರ್ಡಿನಲ್ಲಿ ಬೆರಳಿಗೆ ಏನೂ ತಾಗಲಿಲ್ಲ. ಮೊಳೆ ತೂತಿನ ಸುತ್ತಲಿನ ತುಕ್ಕು ಕೂಡ ಬಣ್ಣವೇ. ಹೊಸದಾಗಿ ಮಾಡಿದ್ದು ತಪ್ಪಲ್ಲ, ವಯಸ್ಸು ಸುಳ್ಳು ಹೇಳಿದ್ದು ತಪ್ಪು. ಅಂಥವರಿಂದಲೇ ಒಳ್ಳೆಯ ಕೆಲಸಗಾರರಿಗೂ ಕೆಟ್ಟ ಹೆಸರು.

ನಿಯಾನ್ ಬೋರ್ಡು ಮಾಡುವ ಒಳ್ಳೆಯ ಕೆಲಸಗಾರನೊಬ್ಬ ನನಗೆ ಗೊತ್ತು. ಗಾಜಿನ ಕೊಳವೆಯ ಒಂದು ತುದಿಗೆ ಬಿರಡೆ, ಇನ್ನೊಂದಕ್ಕೆ ರಬ್ಬರ್ ನಳಿಗೆ. ನಳಿಗೆಯ ತುದಿ ಅವನ ಬಾಯಲ್ಲಿ. ಉರಿಯ ಮೇಲೆ ಗಾಜು ಮೆತ್ತಗಾಗಿ ಜೋತಾಡಿದ ಕೂಡಲೇ ನಕ್ಷೆಯ ಮೇಲಿಟ್ಟು ಬಾಗಿಸುತ್ತಾನೆ. ತಿರುವಿನಲ್ಲಿ ಕೊಳವೆ ಚಪ್ಪಟೆಯಾಗದಂತೆ ಹದವಾಗಿ ಊದುತ್ತಾನೆ. ಕೆಲವೇ ಸೆಕೆಂಡು, ತಪ್ಪಿದರೆ ಗಾಜು ಬಿಸಾಡಬೇಕು. ಆಮೇಲೆ ಭಾರೀ ವೋಲ್ಟೇಜಿನಲ್ಲಿ ಒಳಗಿನ ಕಶ್ಮಲ ಸುಟ್ಟು, ಗಾಳಿ ಎಳೆದು, ಅನಿಲ ತುಂಬುವುದು. ಕೆಂಪಿಗೆ ನಿಯಾನ್; ನೀಲಿಗೆ ಆರ್ಗಾನ್ ಜೊತೆ ಒಂದು ಹನಿ ಪಾದರಸ.

ಹೋದ ತಿಂಗಳು ನಮ್ಮ ಅಡುಗೆಮನೆಗೆಂದು ಅವನ ಹತ್ತಿರ ಕೆಂಪು ನಿಯಾನಿನಲ್ಲಿ ‘ಕಾಫಿ’ ಅಂತ ಕನ್ನಡದಲ್ಲಿ ಮಾಡಲು ಕೊಟ್ಟೆ. ನಕ್ಷೆಯ ಮೇಲೆ ಬೆರಳಾಡಿಸಿ, ಈ ದುಂಡು ಅಕ್ಷರಗಳು ಗಾಜಿಗೇ ಹುಟ್ಟಿದಂತಿವೆ ಅಂದ. ತಲೆಕಟ್ಟೊಂದೇ ತೊಡಕು, ಅಲ್ಲಿ ಕೊಳವೆ ಹಿಂದಕ್ಕೆ ಮಡಚಿ ಆ ಭಾಗದ ಬೆಳಕು ಕಾಣದಂತೆ ಕಪ್ಪು ಬಳಿಯಬೇಕಂತೆ. ಹಳೇ ಕಾಲದ ಬೋರ್ಡಿನ ಹಾಗೆ ತಗಡಿನ ಮೇಲೆ ಒಂದಿಷ್ಟು ತುಕ್ಕು ತೋರಿಸಲೇ ಎಂದು ಕೇಳಿದ. ಬೇಡ ಅಂದೆ. ಹಿಂಬದಿಯಲ್ಲಿ ಅವನ ಹೆಸರು, ಈ ವರ್ಷದ ಇಸವಿ ಹಾಕಲು ಹೇಳಿ ಬಂದಿದ್ದೇನೆ.