ಊರಿನ ನಡುವೆ ಕೂರುವ ಸಂತೆ

ಮೆಕ್ಸಿಕೋದ ದಕ್ಷಿಣ ಭಾಗದ ವಹಾಕ ಕಣಿವೆಯಲ್ಲಿ ವಾರದ ಒಂದೊಂದು ದಿನವೂ ಒಂದೊಂದು ಊರಿನದು. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಓಕೊತ್ಲಾನ್, ಶನಿವಾರ ವಹಾಕ ನಗರ, ಭಾನುವಾರ ತ್ಲಾಕೊಲುಲಾ. ಗಂಟು ಕಟ್ಟಿ, ಗಂಟು ಬಿಚ್ಚಿ ಈ ಸುತ್ತು ತಿರುಗುವ ವ್ಯಾಪಾರಿಗಳ ಬದುಕನ್ನು ನಮ್ಮ ಬಯಲುಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಾಸನ ಜಿಲ್ಲೆಯ ಒಂದು ಸಂತೆಯೂರಿನಲ್ಲಿ ಬೆಳೆದು, ಈಗ ಕೆಲಸದ ನಿಮಿತ್ತ ಮೆಕ್ಸಿಕೋ ನಗರದಲ್ಲಿ ನೆಲೆಸಿರುವ ನಾನು, ರಜೆ ಸಿಕ್ಕಾಗ ರಾತ್ರಿ ಬಸ್ಸು ಹಿಡಿದು ಈ ಕಣಿವೆಗೆ ಬರುತ್ತೇನೆ. ಸಂತೆ ಎರಡೂ ಕಡೆ ಇದೆ. ಆದರೆ ತ್ಲಾಕೊಲುಲಾದಲ್ಲಿ ಊರು ತನ್ನ ಸಂತೆಗೆ ಕೊಡುವ ಸ್ಥಾನವನ್ನು ನಮ್ಮ ಊರುಗಳು ನಮ್ಮ ಸಂತೆಗೆ ಕೊಡುತ್ತಿಲ್ಲವೆಂಬ ನೋವು ಪ್ರತಿ ಬಾರಿಯೂ ನನ್ನನ್ನು ಕಾಡುತ್ತದೆ.

ತ್ಲಾಕೊಲುಲಾ ವಹಾಕ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ. ಭಾನುವಾರ ಬೆಳಗಾಗುವ ಹೊತ್ತಿಗೆ ಊರಿನ ನಟ್ಟನಡುವಿನ ಬೀದಿಗಳಲ್ಲಿ ವಾಹನ ಓಡಾಟ ನಿಂತು, ಚರ್ಚಿನ ಸುತ್ತಮುತ್ತ ಟಾರ್ಪಾಲಿನ ಚಪ್ಪರಗಳು ಏಳುತ್ತವೆ. ಸುತ್ತಲಿನ ಹಳ್ಳಿಗಳಿಂದ ಸಪೊತೆಕ್ ಭಾಷೆಯನ್ನಾಡುವ ಹೆಂಗಸರು ಕಸೂತಿ ಹಾಕಿದ ಚೌಕುಳಿ ಏಪ್ರನ್ ತೊಟ್ಟು ಬರುತ್ತಾರೆ. ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ‘ಮಾರ್ಚಾಂತೆ’ ಎಂದು ಕರೆದುಕೊಳ್ಳುತ್ತಾರೆ; ತೂಕವಾದ ಮೇಲೆ ಒಂದು ಹಿಡಿ ಮೇಲಕ್ಕೆ ಹಾಕುವ ಕೊಸರು ಇಲ್ಲಿಯೂ ಉಂಟು, ಅದನ್ನು ‘ಪಿಲೋನ್’ ಎನ್ನುತ್ತಾರೆ.

ಇಲ್ಲಿ ಮಾರಾಟಕ್ಕೆ ಬರುವ ಎಷ್ಟೋ ಪದಾರ್ಥಗಳು ನಮ್ಮ ಅಡುಗೆಮನೆಗೆ ಇದೇ ನೆಲದ ಕಡೆಯಿಂದ ಬಂದವು. ಬ್ಯಾಡಗಿಯನ್ನು ನಾಡಿಗೆಲ್ಲ ಪ್ರಸಿದ್ಧಗೊಳಿಸಿದ ಮೆಣಸಿನಕಾಯಿಯ ತವರು ಮೆಕ್ಸಿಕೋ. ಪೋರ್ಚುಗೀಸರು ಅದನ್ನು ನಮಗೆ ತಲುಪಿಸಿದರು. ಸಪೋಟ ಇಲ್ಲಿಯದು, ನಮ್ಮ ದೇವರ ಮುಡಿಗೇರುವ ಚೆಂಡು ಹೂವೂ ಇಲ್ಲಿಯದೇ. ನಾವು ಹೊಲದ ಬೇಲಿಗೆ ಬಿಟ್ಟ ಪಾಪಾಸುಕಳ್ಳಿಯ ಎಳೆಯ ಎಲೆಗಳನ್ನು ಇಲ್ಲಿನ ಹೆಂಗಸರು ಚೂರಿಯಿಂದ ಮುಳ್ಳು ಸವರಿ, ತರಕಾರಿಯಾಗಿ ಒಪ್ಪವಾಗಿ ಜೋಡಿಸಿ ಮಾರುತ್ತಾರೆ. ಮೆಕ್ಕೆಜೋಳದ ಕಥೆಯಂತೂ ಇನ್ನೂ ಹಳೆಯದು. ಊರಿಗೆ ಹತ್ತಿರದಲ್ಲಿರುವ ಗೀಲಾ ನಕೀತ್ಸ್ ಗುಹೆಯಲ್ಲಿ ಸುಮಾರು 10,000 ವರ್ಷ ಹಿಂದಿನ ಕುಂಬಳದ ಬೀಜಗಳೂ 6,000 ವರ್ಷಕ್ಕೂ ಹಳೆಯದಾದ ಮೆಕ್ಕೆಜೋಳದ ತೆನೆಯ ತುಣುಕುಗಳೂ ದೊರೆತಿವೆ. 2010ರಲ್ಲಿ ಯುನೆಸ್ಕೊ ಯಾಗುಲ್ ಮತ್ತು ಮಿತ್ಲಾ ಪ್ರದೇಶದ ಈ ಗುಹೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಗೂ ಅಂಥದ್ದೇ ಮನ್ನಣೆ ಸಿಕ್ಕಿತು.

ಬಿಳಿ, ಹಳದಿ, ನೀಲಿ, ಕೆಂಪು ಬಣ್ಣದ ಜೋಳದ ಕಾಳುಗಳನ್ನು ‘ಅಲ್ಮುದ್’ ಎಂಬ ಮರದ ಪೆಟ್ಟಿಗೆಯಲ್ಲಿ ಅಳೆದು ಕೊಡುವುದನ್ನು ನೋಡುವಾಗ ನನಗೆ ದಾವಣಗೆರೆ, ಹಾವೇರಿಗಳ ಮೆಕ್ಕೆಜೋಳದ ರಾಶಿಗಳು ಕಣ್ಣ ಮುಂದೆ ಬರುತ್ತವೆ. ನಮ್ಮಲ್ಲಿ ಅದರ ಬಹುಪಾಲು ಕೋಳಿ ಆಹಾರಕ್ಕೂ ಗಂಜಿಪುಡಿಯ ಕಾರ್ಖಾನೆಗೂ ಹೋಗುತ್ತದೆ. ಇಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಇಡೀ ರಾತ್ರಿ ನೆನೆಯಲು ಬಿಟ್ಟು, ತೊಳೆದು, ಆಮೇಲೆ ನುಣ್ಣಗೆ ಅರೆದು ತೊರ್ತಿಯಾ ಎಂಬ ತೆಳ್ಳನೆಯ ರೊಟ್ಟಿ ತಟ್ಟುತ್ತಾರೆ. ಹಾಗೆ ಬೇಯಿಸುವುದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನೊಳಗೆ ಕಟ್ಟಿಬಿದ್ದಿರುವ ನಯಾಸಿನ್ ಎಂಬ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಆ ಕೆಲಸಕ್ಕೆ ಬೇಕಾದ ಸುಣ್ಣದ ಹರಳುಗಳೂ ಸಂತೆಯಲ್ಲೇ ಸಿಗುತ್ತವೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಊಟದ ಸಾಲು. ಮಾರುಕಟ್ಟೆ ಕಟ್ಟಡದ ಒಳಗೆ ಮಾಂಸದಂಗಡಿಗಳ ಎದುರಿಗೇ ಉರಿಯುವ ಇದ್ದಿಲ ಒಲೆಗಳಿವೆ. ಬೇಕಾದಷ್ಟು ಮಾಂಸ, ಈರುಳ್ಳಿ, ಮೆಣಸಿನಕಾಯಿ ಕೊಂಡು ಅಲ್ಲಿಯೇ ಸುಟ್ಟುಕೊಂಡು ತಿನ್ನಬಹುದು. ಇನ್ನೊಂದೆಡೆ ಆಡಿನ ಮಾಂಸವನ್ನು ನಿಧಾನವಾಗಿ ಬೇಯಿಸಿ ಮಾಡುವ ಬಾರ್ಬಕೋವಾ ಮತ್ತು ಅದರ ಸಾರು. ಸಸ್ಯಾಹಾರಿಯಾದ ನನ್ನ ಹೆಂಡತಿ ಮೊದಲು ‘ಸಿನ್ ಅಸಿಯೆಂತೊ’, ಅಂದರೆ ಹಂದಿಕೊಬ್ಬು ಸವರಬೇಡಿ ಎಂದು ಹೇಳಿ, ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಕೆಸಿಯೊ ಚೀಸ್ ಹಾಕಿದ ಮೆಮೆಲಾ ಎಂಬ ದಪ್ಪ ಮೆಕ್ಕೆಜೋಳದ ರೊಟ್ಟಿ ತರಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ ತೆಹಾತೆ ಎಂಬ ತಣ್ಣನೆಯ ಪಾನೀಯ ಮಾಡುವಾಕೆ ಮೆಕ್ಕೆಜೋಳ, ಕೋಕೋ, ಮಾಮೆ ಹಣ್ಣಿನ ಬೀಜ ಮತ್ತು ಒಂದು ಬಗೆಯ ಪರಿಮಳದ ಹೂವನ್ನು ಅರೆದ ಮುದ್ದೆಯನ್ನು ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಹಾಕಿ, ಮೊಣಕೈವರೆಗೂ ಕೈಯಿಳಿಸಿ ಕಿವುಚುತ್ತಾಳೆ. ನಂತರ ಎತ್ತರದಿಂದ ತಣ್ಣೀರು ಸುರಿಯುತ್ತ ಹೋದಂತೆ ಕೆನೆಬಣ್ಣದ ದಪ್ಪ ನೊರೆ ಮೇಲೇಳುತ್ತದೆ. ಆ ನೊರೆ ಎಷ್ಟು ನಿಂತಿದೆ ಎಂಬುದರ ಮೇಲೆ ಅವಳ ಕೈಗುಣದ ಬೆಲೆ ಕಟ್ಟುತ್ತಾರೆ.

ಇಲ್ಲಿನ ಬೆಂಚುಗಳ ಮೇಲೆ ಯಾರು ಕೂತಿದ್ದಾರೆ ಎಂಬುದನ್ನು ಗಮನಿಸಬೇಕು. ಹೊಲದಿಂದ ಬಂದವರು, ಚರ್ಚಿನ ಪೂಜೆ ಮುಗಿಸಿಕೊಂಡು ಒಳ್ಳೆಯ ಬಟ್ಟೆಯಲ್ಲಿ ಬಂದ ಕುಟುಂಬಗಳು, ನಗರದಿಂದ ಕಾರಿನಲ್ಲಿ ಬಂದವರು ಭುಜಕ್ಕೆ ಭುಜ ತಾಗಿಸಿ ಕೂತು ಅದೇ ಸಾರನ್ನು ಕುಡಿಯುತ್ತಾರೆ. ಊರಿನ ಅನುಕೂಲಸ್ಥರು ಅಲ್ಲಿ ಊಟಕ್ಕೆ ಕೂರುವುದರಿಂದಲೇ ಸಂತೆಗೆ ನೆರಳು, ನೀರು, ಶುಚಿತ್ವ ಎಲ್ಲವೂ ಊರಿನ ಕಾಳಜಿಯಾಗಿ ಉಳಿದಿವೆ ಎಂದು ನಾನು ನಂಬುತ್ತೇನೆ.

ನಮ್ಮೂರಿನಲ್ಲಿ ಹೀಗಾಗಲಿಲ್ಲ. ಬಸ್ ನಿಲ್ದಾಣದ ಪಕ್ಕ ನೆರೆಯುತ್ತಿದ್ದ ಸಂತೆಯನ್ನು ವಾಹನ ದಟ್ಟಣೆಯ ಕಾರಣಕ್ಕೆ ಊರಾಚೆಯ ಬಯಲಿಗೆ ಕಳಿಸಿದರು. ಮಳೆ ಬಂದರೆ ಅಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಊರಿನ ಅರ್ಧಕ್ಕರ್ಧ ಜನ ಬರುವುದನ್ನೇ ಬಿಟ್ಟರು. ಊಟದ ವಿಷಯದಲ್ಲಿ ತೊಡಕು ಇನ್ನೂ ಆಳದ್ದು. ಮಂಡಕ್ಕಿ, ಬೋಂಡ ಮಕ್ಕಳಿಗೆ ಸರಿ. ದೊಡ್ಡವರು ಸಂತೆಯಲ್ಲಿ ಕೂತು ಉಣ್ಣುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ಮಾತನ್ನು ನಾನು ಮನೆಯಲ್ಲಿ ಕೇಳುತ್ತಲೇ ಬೆಳೆದೆ. ಯಾರು ಬೇಯಿಸಿದ್ದು, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬ ಜಾತಿಯ ಲೆಕ್ಕಾಚಾರ ಆ ಮಾತಿನ ಬೇರಿನಲ್ಲಿತ್ತು. ಇಷ್ಟು ಬಗೆಯ ರೊಟ್ಟಿ, ಮುದ್ದೆ, ಸಾರು, ಚಟ್ನಿಗಳಿರುವ ನಾಡಿನ ವಾರದ ಸಂತೆಯಲ್ಲಿ ಹೊಟ್ಟೆ ತುಂಬ ಒಂದು ಒಳ್ಳೆಯ ಊಟ ಸಿಗದಿರುವುದಕ್ಕೆ ಬಡತನವನ್ನು ದೂರುವುದು ಸರಿಯಲ್ಲ.

ಕುಶಲಕರ್ಮಿಗಳ ಕಡೆಗೆ ಬಂದರೆ, ಹತ್ತಿರದ ಸಾನ್ ಮಾರ್ಕೋಸ್ ತ್ಲಾಪಸೋಲಾ ಹಳ್ಳಿಯ ಹೆಂಗಸರು ಕೆಂಪು ಮಣ್ಣಿನ ಪಾತ್ರೆಗಳನ್ನು ಹರಡಿಕೊಂಡು ಕೂತಿರುತ್ತಾರೆ. ತಿಗರಿಯ ಸಹಾಯವಿಲ್ಲದೆ ಕೈಯಲ್ಲೇ ಎತ್ತಿ, ನಯವಾದ ಕಲ್ಲಿನಿಂದ ತಿಕ್ಕಿ ಹೊಳಪು ತಂದು, ಬಯಲಿನಲ್ಲೇ ಸುಟ್ಟ ಮಡಕೆಗಳವು. ಕೊಳ್ಳಲು ಬಂದ ಗೃಹಿಣಿ ಕೊಮಾಲನ್ನು, ಅಂದರೆ ರೊಟ್ಟಿ ಬೇಯಿಸುವ ಮಣ್ಣಿನ ಹೆಂಚನ್ನು, ಎತ್ತಿ ಹಿಡಿದು ಬೆರಳ ಗಿಣ್ಣಿನಿಂದ ತಟ್ಟಿ ದನಿ ಕೇಳುತ್ತಾಳೆ. ಬಿರುಕಿದ್ದರೆ ದನಿ ಒಡೆಯುತ್ತದೆ. ಮನೆಗೊಯ್ದು ಸುಣ್ಣದ ನೀರು ಬಳಿದು ಕಾಯಿಸಿದರೆ ಹಿಟ್ಟು ಅಂಟುವುದಿಲ್ಲ. ಇದು ದಿನಬಳಕೆಯ ವಸ್ತು, ಒಡೆದರೆ ಮತ್ತೊಂದು ಬೇಕು, ಆದ್ದರಿಂದ ಮಾಡುವವಳಿಗೆ ವರ್ಷವಿಡೀ ಕೆಲಸವಿದೆ. ಇಲ್ಲಿಗೆ ಬರುವ ಕನ್ನಡಿಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಸಂತೆಯಲ್ಲಿ ಸಿಗುವ ಹೊಳಪಿನ ಲೇಪದ ಹಳೆಯ ಬಗೆಯ ಪಾತ್ರೆಗಳಲ್ಲಿ ಸೀಸ ಇರಬಹುದು, ಹುಳಿ ಪದಾರ್ಥ ಬೇಯಿಸಲು ಅವು ತಕ್ಕವಲ್ಲ.

ಕಂಬಳಿ, ಜಮಖಾನೆ ನೇಯುವ ತೆಯೊತಿತ್ಲಾನ್ ದೆಲ್ ವಾಯೆ ಇದೇ ದಾರಿಯಲ್ಲಿದೆ. ಅಲ್ಲಿನ ನೇಕಾರರು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವನ್ನು ಒಣಗಿಸಿ ಕೆಂಪು ಬಣ್ಣ ತೆಗೆಯುತ್ತಾರೆ. ಅಂಗೈಯಲ್ಲಿ ಹುಳುವನ್ನು ಅರೆದು, ಅದರ ಮೇಲೆ ನಿಂಬೆರಸ ಹಿಂಡಿ ಕಿತ್ತಳೆ ಬಣ್ಣವನ್ನೂ, ಸುಣ್ಣ ಬೆರೆಸಿ ನೇರಳೆಯನ್ನೂ ತೋರಿಸುತ್ತಾರೆ. ಇದನ್ನು ಕಣ್ಣಾರೆ ಕಂಡವರು ಆಮೇಲೆ ಬೆಲೆಯಲ್ಲಿ ಚೌಕಾಸಿ ಮಾಡಲು ಹಿಂಜರಿಯುತ್ತಾರೆ; ಹಿಂಜರಿಯಬೇಕು. ಇಲ್ಲಿಯೂ ಮಧ್ಯವರ್ತಿಗಳಿದ್ದಾರೆ, ರಾಸಾಯನಿಕ ಬಣ್ಣದ ನೂಲನ್ನು ಸಹಜ ಬಣ್ಣದ್ದೆಂದು ಮಾರುವವರಿದ್ದಾರೆ, ಪ್ಲಾಸ್ಟಿಕ್ ಸಾಮಾನಿನ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಆದರೂ ಮಾಡಿದವರ ಮುಖ ನೋಡಿ ಕೊಳ್ಳುವ ಅವಕಾಶ ಇನ್ನೂ ಉಳಿದಿದೆ.

ನಮ್ಮಲ್ಲಿ ಇಳಕಲ್ ಸೀರೆಯನ್ನು ಮೆಚ್ಚಿ ಉಡುವವರಲ್ಲಿ ಅದನ್ನು ನೇಯ್ದ ಕೈಗಳನ್ನು ಕಂಡವರು ಎಷ್ಟು ಮಂದಿ? ಚನ್ನಪಟ್ಟಣದ ಗೊಂಬೆಗಳ ಸ್ಥಿತಿ ಇನ್ನೂ ಸ್ಪಷ್ಟವಾದ ಪಾಠ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳು ಗಿರಾಕಿಯಿಲ್ಲದೆ ಸೊರಗಿದವು. ದಾರಿಹೋಕರನ್ನೇ ನಂಬಿದ ವ್ಯಾಪಾರ ದಾರಿ ಬದಲಾದಾಗ ಬೀಳುತ್ತದೆ. ತ್ಲಾಕೊಲುಲಾಕ್ಕೆ ಪ್ರವಾಸಿಗರು ಬರುವುದು ನಿಂತರೂ ಅಲ್ಲಿನ ಹೆಂಚು ಮಾರುವಾಕೆಗೆ ಊರಿನ ಅಡುಗೆಮನೆಗಳಿವೆ.

ವರ್ಷಕ್ಕೊಮ್ಮೆ ಅರಮನೆ ಮೈದಾನದಲ್ಲೋ ಜಿಲ್ಲಾ ಕ್ರೀಡಾಂಗಣದಲ್ಲೋ ಶಾಮಿಯಾನ ಹಾಕಿ ನಡೆಸುವ ಕರಕುಶಲ ಮೇಳಗಳಿಂದ ಈ ಕೊರತೆ ತುಂಬುವುದಿಲ್ಲ. ವಾರ ವಾರ ತಪ್ಪದೆ ಬರುವ ಗಿರಾಕಿ ಬೇಕು, ಅದಕ್ಕೆ ಸಂತೆಯೇ ಸರಿಯಾದ ಜಾಗ. ನಮ್ಮ ಪಂಚಾಯಿತಿ, ಪುರಸಭೆಗಳು ಸಂತೆ ಸುಂಕ ವಸೂಲಿಯ ಹಕ್ಕನ್ನು ಹರಾಜು ಹಾಕಿ ಹಣ ಪಡೆಯುತ್ತಲೇ ಇವೆ. ಆ ಹಣದಲ್ಲಿ ಮೊದಲ ಪಾಲು ಸಂತೆಗೇ ಹಿಂತಿರುಗಿ ನೆರಳಿನ ಚಾವಣಿ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಆಗಬೇಕು. ವಾರಕ್ಕೊಂದು ದಿನ ಊರೊಳಗಿನ ಒಂದು ಬೀದಿಯನ್ನು ವಾಹನಗಳಿಗೆ ಮುಚ್ಚಿ ಸಂತೆಗೆ ಬಿಟ್ಟುಕೊಟ್ಟರೆ ಯಾರ ಬದುಕೂ ನಿಲ್ಲುವುದಿಲ್ಲ. ಕುಂಬಾರರಿಗೆ, ಬುಟ್ಟಿ ಹೆಣೆಯುವ ಮೇದರಿಗೆ, ಕಂಬಳಿ ನೇಯುವವರಿಗೆ ಸುಂಕವಿಲ್ಲದ ಕಾಯಂ ಜಾಗ ಗುರುತಿಸಲಿ. ಸ್ತ್ರೀಶಕ್ತಿ ಸಂಘದವರಿಗೆ ನಾಲ್ಕು ಒಲೆ, ಎರಡು ಸಾಲು ಬೆಂಚು ಹಾಕಿಕೊಟ್ಟು ಮುದ್ದೆ, ಉಪ್ಸಾರು, ಅಕ್ಕಿರೊಟ್ಟಿ ಮಾಡಿ ಬಡಿಸಲು ಹೇಳಲಿ. ಇವನ್ನೆಲ್ಲ ಮುಂದಿನ ಸಾಲಿನ ಹರಾಜಿನ ಷರತ್ತುಗಳಲ್ಲಿಯೇ ಬರೆಯಬಹುದು. ಊರಿಗೆ ಬಂದಾಗ ನಮ್ಮ ಪುರಸಭೆಯ ಸದಸ್ಯರಿಗೆ ಈ ಕೋರಿಕೆಯನ್ನು ಬರವಣಿಗೆಯಲ್ಲಿ ಕೊಡುವವನಿದ್ದೇನೆ. ಸಂತೆಯೂರಿನಲ್ಲಿ ಹುಟ್ಟಿದ ಇತರರೂ ತಮ್ಮ ತಮ್ಮ ಊರಿನಲ್ಲಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.