ಅಗಾತಾ ವ್ರೂಬೆಲ್ ಅವರ ಬೆಳ್ಳಿಯನ್ನು ಸೋಲೆಂದು ಎಣಿಸಬಾರದು

ಪೋಲೆಂಡಿನ ವೇಟ್‌ಲಿಫ್ಟರ್ ಅಗಾತಾ ವ್ರೂಬೆಲ್ ಅವರನ್ನು ಒಲಿಂಪಿಕ್ ಚಿನ್ನ ಕೈತಪ್ಪಿಸಿಕೊಂಡ ಆಟಗಾರ್ತಿ ಎಂದು ಅವರ ಕುರಿತ ಲೇಖನವೊಂದು ಪರಿಚಯಿಸಿರುವುದನ್ನು ನಾನು ಒಪ್ಪಲಾರೆ. ಮಹಿಳೆಯರ ವೇಟ್‌ಲಿಫ್ಟಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ್ದು 2000ರ ಸಿಡ್ನಿಯಲ್ಲಿ. ನಮ್ಮ ಕರ್ಣಂ ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದ ಕೂಟವೂ ಅದೇ. ಅಲ್ಲಿ 75 ಕೆ.ಜಿ.ಗೂ ಮೇಲ್ಪಟ್ಟವರ ವಿಭಾಗದಲ್ಲಿ, ಆಗಿನ್ನೂ 19 ವರ್ಷದವರಾಗಿದ್ದ ವ್ರೂಬೆಲ್ ಸ್ನ್ಯಾಚ್‌ನಲ್ಲಿ (ಭಾರವನ್ನು ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) 132.5 ಹಾಗೂ ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವುದು) 162.5, ಒಟ್ಟು 295 ಕೆ.ಜಿ. ಎತ್ತಿ, ಚಿನ್ನ ಗೆದ್ದ ಚೀನಾದ ಡಿಂಗ್ ಮೆಯುವಾನ್ ಅವರಿಗಿಂತ ಕೇವಲ 5 ಕೆ.ಜಿ. ಹಿಂದುಳಿದರು. ಮೂರನೆಯ ಸ್ಥಾನ ಪಡೆದ ಅಮೆರಿಕದ ಶೆರಿಲ್ ಹಾವರ್ತ್ ಎತ್ತಿದ್ದು 270 ಕೆ.ಜಿ. ಎಂಬುದನ್ನು ನೋಡಿದರೆ, ಅಂದು ಸ್ಪರ್ಧೆ ನಡೆದದ್ದು ಇಬ್ಬರ ನಡುವೆ ಮಾತ್ರ ಎಂಬುದು ಯಾರಿಗಾದರೂ ತಿಳಿಯುತ್ತದೆ.

2002ರಲ್ಲಿ ತವರಿನ ವಾರ್ಸಾದಲ್ಲೇ ಅವರು ವಿಶ್ವ ಚಾಂಪಿಯನ್ ಆದರು. ಈ ಸಂಗತಿಗೆ ಲೇಖನ ಒಂದೇ ಸಾಲು ಕೊಟ್ಟಿರುವುದು ನಿಜಕ್ಕೂ ಬೇಸರ ತಂದಿತು. 2004ರ ಅಥೆನ್ಸ್‌ನಲ್ಲಿ 290 ಕೆ.ಜಿ. ಎತ್ತಿ ಕಂಚು ಪಡೆದರು; ಆ ವೇಳೆಗೆ ಚಿನ್ನಕ್ಕೆ 305 ಕೆ.ಜಿ. ಬೇಕಾಗಿತ್ತು. ಸತತ ಎರಡು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದವರನ್ನು ಅಳೆಯಬೇಕಾದದ್ದು ಅವರು ಎತ್ತಿದ ಭಾರದಿಂದಲೇ ಹೊರತು ಆ 5 ಕೆ.ಜಿ.ಯಿಂದಲ್ಲ.