ಸತ್ತವರ ಮನೆಯ ಗೋಡೆಬರಹ

ಏಳನೇ ಕ್ಲಾಸಿನ ಟೂರಿನಲ್ಲಿ ಹಂಪಿಯ ಒಂದು ಕಂಬದ ಮೇಲೆ ಕೈವಾರದ ಮೊನೆಯಿಂದ ಹೆಸರು ಕೆತ್ತಲು ಹೊರಟಿದ್ದೆ. ಮೊದಲ ಅಕ್ಷರದ ತಲೆಕಟ್ಟು ಮುಗಿಯುವಷ್ಟರಲ್ಲಿ ಮೇಷ್ಟ್ರು ಕಿವಿ ಹಿಂಡಿದರು. ಈಗಿನ ಕಾನೂನಿನಲ್ಲಿ ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕಿವಿಯಲ್ಲೇ ಮುಗಿಯಿತಲ್ಲ, ಅಗ್ಗವಾಯ್ತು.

ಆ ಕಿವಿ ಮತ್ತೆ ನೆನಪಾದದ್ದು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ. ಅಲ್ಲಿ ಮೇಸ್‌ಹೋ ಎಂಬ ನವಶಿಲಾಯುಗದ ಸಮಾಧಿಯಿದೆ. ಹೊರಗಿನಿಂದ ಬರೀ ಹುಲ್ಲು ಬೆಳೆದ ದಿಬ್ಬ. ನಮ್ಮೂರಲ್ಲಿದ್ದಿದ್ದರೆ ಎಮ್ಮೆ ಮೇಯುತ್ತಿದ್ದವು. ಒಳಹೋಗಲು ಸುಮಾರು 10 ಮೀಟರ್ ಉದ್ದದ ಕಲ್ಲಿನ ಓಣಿ. ಎತ್ತರ ಸೊಂಟದಷ್ಟು. ಎಂಥ ದೊಡ್ಡ ಮನುಷ್ಯನಾದರೂ ಬಗ್ಗಲೇಬೇಕು. ಚಳಿಗಾಲದ ಅತಿ ಚಿಕ್ಕ ಹಗಲುಗಳಲ್ಲಿ ಮುಳುಗುವ ಸೂರ್ಯನ ಬೆಳಕು ಮಾತ್ರ ಬಗ್ಗದೆ ನೆಟ್ಟಗೆ ಒಳಗಿನ ಕೋಣೆಗೆ ಹೋಗುತ್ತದೆ. ಲೋಹವನ್ನೇ ಕಾಣದ ಜನ, ಗಾರೆಯಿಲ್ಲದೆ ಚಪ್ಪಡಿ ಮೇಲೆ ಚಪ್ಪಡಿಯಿಟ್ಟು, ಸುಮಾರು 5000 ವರ್ಷದ ಹಿಂದೆ ಕಟ್ಟಿದ್ದು ಅದು. ಕಳೆದ ಮಳೆಗಾಲದಲ್ಲಿ ಸೋರಿದ ನಮ್ಮ ಮನೆಯ ತಾರಸಿಯನ್ನು ಅಲ್ಲಿ ನೆನೆಯಬಾರದಿತ್ತು.

ಗೈಡ್ ಹುಡುಗಿ ಗೋಡೆಗೆ ಟಾರ್ಚ್ ಬಿಟ್ಟಳು. ಗೀಚಿದ ಗೆರೆಗಳು! 12ನೇ ಶತಮಾನದಲ್ಲಿ ವೈಕಿಂಗರು, ಅಂದರೆ ಉತ್ತರ ಯೂರೋಪಿನ ಕಡಲಿಗರು, ಒಳನುಗ್ಗಿ ತಮ್ಮ ರೂನ್ ಲಿಪಿಯಲ್ಲಿ ಬರೆದದ್ದಂತೆ. ಇಂಥವು ಸುಮಾರು 30 ಇವೆ. ಏನೋ ಗಹನವಾದದ್ದು ಇರಬಹುದು ಅಂತ ಕಿವಿಗೊಟ್ಟೆ. ‘ತೋಳ್ಫಿರ್ ಇದನ್ನು ಎತ್ತರದಲ್ಲಿ ಕೆತ್ತಿದ’ ಅಂತ ಒಂದು. ಅಷ್ಟೇ ವಿಷಯ. ಪಶ್ಚಿಮ ಸಮುದ್ರದಲ್ಲೇ ತನ್ನಷ್ಟು ಚೆನ್ನಾಗಿ ರೂನ್ ಬಲ್ಲವನಿಲ್ಲ ಅಂತ ಇನ್ನೊಬ್ಬನ ಜಂಬ. ಮತ್ತೊಬ್ಬ, ಹೆಂಗಸರಲ್ಲೆಲ್ಲ ಇಂಗಿಗೆರ್ತ್‌ಳೇ ಚೆಲುವೆ ಅಂತ ಕೆತ್ತಿದ್ದಾನೆ. ಪಕ್ಕದಲ್ಲಿ ಜೊಲ್ಲು ಸುರಿಸುವ ನಾಯಿಯ ಚಿತ್ರ. ಅದು ಅವನೇ ಬರೆದದ್ದೋ, ಸುಮ್ನೆ ಕಾಲೆಳೆಯಲು ಗೆಳೆಯ ಸೇರಿಸಿದ್ದೋ! ನಮ್ಮ ಕೋಟೆ ಗೋಡೆಗಳ ಬಾಣ ಚುಚ್ಚಿದ ಹೃದಯಗಳ ಅಣ್ಣತಮ್ಮಂದಿರೇ ಇವೆಲ್ಲ, ಅಲ್ವಾ?

1882ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಮಾರಕ ರಕ್ಷಣೆ ಕಾಯ್ದೆ ಬಂದಾಗ ಪಟ್ಟಿಯಲ್ಲಿ ಮೇಸ್‌ಹೋ ಕೂಡ ಸೇರಿತು. ಸಮಾಧಿಯ ಜೊತೆಗೆ ಅದನ್ನು ಕೆಡಿಸಿದವರ ಗೀಚೂ ಕಾಪಿಡಬೇಕಾದ ಸಂಪತ್ತಾಯಿತು. ತೋಳ್ಫಿರನಿಗೆ ಕಿವಿ ಹಿಂಡುವವರು ಯಾರೂ ಇರಲಿಲ್ಲ, ಪುಣ್ಯವಂತ.

‘ಗೋಡೆ ಮುಟ್ಟಬೇಡಿ’ ಅಂದಳು ಹುಡುಗಿ. ಸರಿಯಾದ ಮಾತೇ. ಆದರೂ ಹೊರಡಲು ಬಗ್ಗಿದಾಗ ಪ್ಯಾಂಟಿನ ಜೇಬಿನಲ್ಲಿದ್ದ ಕೀ ಗೊಂಚಲು ಸರಿಯಾಗಿ ತೊಡೆಗೆ ಚುಚ್ಚಿತು.